ಹುಕುಂದಾರ್: ಒಂದು ಮನೆಮಾತಿನ ಜಾಡು ಹಿಡಿದು

(ಗಡಿಯಾಚೆಯ ಕನ್ನಡ ಕುರಿತ ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಾಡಿದ ಮಂಡನೆಯ ಬರಹರೂಪ. ಧ್ವನಿಮುದ್ರಣದಿಂದ ಇಳಿಸುವಾಗ ಪುನರಾವರ್ತನೆಗಳನ್ನು ತೆಗೆದಿದ್ದೇನೆ, ಮಾತಿನ ಧಾಟಿಯನ್ನು ಪೂರ್ತಿ ತೆಗೆದಿಲ್ಲ. ಕೊನೆಯಲ್ಲಿ ಚರ್ಚೆಯ ಒಂದು ಭಾಗವಿದೆ.)

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದ್ಕೊಂಡಿದ್ದೀನಿ. ನನಗಿಂತ ಮೊದಲು ಮಾತಾಡಿದವರು ಶಾಸನ, ಕನ್ನಡ ಶಾಲೆ, ಪಠ್ಯಪುಸ್ತಕ ಇಂಥ ದೊಡ್ಡ ವಿಷಯಗಳನ್ನು ಎತ್ತಿಕೊಂಡರು. ನನ್ನದು ಒಂದೇ ಶಬ್ದ. ಅದೂ ಒಂದೇ ಮನೆಯ ಶಬ್ದ. ಇದನ್ನು ವಿಚಾರಸಂಕಿರಣಕ್ಕೆ ತರಬೇಕೋ ಬೇಡವೋ ಅಂತ ಎರಡು ವಾರ ಯೋಚನೆ ಮಾಡಿದ್ದೇನೆ. ತಂದದ್ದಕ್ಕೆ ಕಾರಣ, ಇದರ ಮೇಲೆ ನಾನು ಒಂದು ಸಲ ತಪ್ಪು ಪ್ರಬಂಧ ಬರೆದು ಒಳ್ಳೆಯ ಅಂಕ ತಗೊಂಡಿದ್ದೇನೆ. ಅದನ್ನು ಎಲ್ಲಾದರೂ ತಿದ್ದಬೇಕಿತ್ತು.

ನಮ್ಮೂರು ಸೋಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನಲ್ಲಿದೆ. ಮನೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮರಾಠಿ, ಬಾಜಾರದಲ್ಲಿ ಎರಡೂ. ಕತ್ತಲಾದ ಮೇಲೆ ನಮ್ಮ ಮನೆಯ ಬಾಗಿಲು ಬಡಿದರೆ ಒಳಗಿನವರು "ಯಾರು?" ಅಂತ ಕೇಳುವುದಿಲ್ಲ. ಬಾಗಿಲಿಗೆ ಹತ್ತಿರ ಯಾರಿದ್ದಾರೋ ಅವರು ಗಟ್ಟಿಯಾಗಿ ಕೂಗುತ್ತಾರೆ: "ಹುಕುಂದಾರ್!" ಹೊರಗಿದ್ದವರು "ಮನಿಯವ್ರ" ಅನ್ನಬೇಕು. ಅಷ್ಟಕ್ಕೇ ಮುಗಿಯಲ್ಲ. ಯಾವ ಮನಿಯವ್ರು, ಎಲ್ಲಿಂದ ಬಂದ್ರು ಅಂತ ಸೇರಿಸಬೇಕು. "ನಾ" ಅಂದರೆ ನಡೆಯುವುದಿಲ್ಲ. ನಾ ಅಂದವರಿಗೆ ಒಳಗಿಂದ ಬರುವ ಉತ್ತರ ಗೊತ್ತೇ ಇದೆ: "ನಾ ಅಂದ್ರ ನಾಯಿ. ನಾಯಿಗಿ ಬಾಗಲಾ ತೆರೆಂಗಿಲ್ಲ." ಅಪ್ಪ ಸೋಲಾಪುರದಿಂದ ಕೊನೆಯ ಬಸ್ಸಿಗೆ ಬಂದ ರಾತ್ರಿ ಹೊರಗಿನಿಂದ ಹೀಗೆ ಕೇಳಿಸುತ್ತಿತ್ತು: "ಸೋಲಾಪುರದ ಬಾಜಾರ ಮುಗಿಸಿ, ಎರಡ ಕಿಲೋ ಮೆಣಸಿನಕಾಯಿ ಹೊತ್ತು, ಹೊಟ್ಟಿ ಹಸಕೊಂಡು ಬಂದ ಮನಿಯವ್ರ!" ಆಗ ಚಿಲಕ ತೆಗೆಯುತ್ತಿದ್ದರು. ಎಷ್ಟೋ ಸಲ ಅಪ್ಪ ಸುಸ್ತಾಗಿ ಸಿಟ್ಟಿನಲ್ಲಿರುತ್ತಿದ್ದ. ಆದರೂ ಹೇಳುತ್ತಿದ್ದ. ಹೇಳಿ ಒಳಗೆ ಬರುವಾಗ ಸಿಟ್ಟು ಅರ್ಧ ಇಳಿದಿರುತ್ತಿತ್ತು.

ಇದು ಎಲ್ಲರ ಮನೆಯಲ್ಲೂ ಇರುವ ಪದ್ಧತಿ ಅಂತಲೇ ನನ್ನ ತಿಳುವಳಿಕೆ. ಎಂ.ಎ.ಗೆ ಬಂದು ಹಾಸ್ಟೆಲ್ ಸೇರಿದ ಮೊದಲ ವಾರ, ರಾತ್ರಿ ಯಾರೋ ಬಾಗಿಲು ತಟ್ಟಿದಾಗ ನಿದ್ದೆಗಣ್ಣಲ್ಲಿ "ಹುಕುಂದಾರ್!" ಅಂತ ಕೂಗಿಬಿಟ್ಟೆ. ಮೈಸೂರು ಕಡೆಯ ನನ್ನ ರೂಮ್‌ಮೇಟ್ ಹೆದರಿ ಎದ್ದು ಕೂತಳು. "ಹಂಗಂದ್ರೆ ಏನೇ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಆಡಿದ ಶಬ್ದಕ್ಕೆ ಅರ್ಥ ಇರಬಹುದು ಅಂತ ಅವತ್ತೇ ಹೊಳೆದದ್ದು.

ಮೊದಲ ತೊಡಕು, ಇದನ್ನು ಯಾವ ಖಾನೆಗೆ ಹಾಕುವುದು ಅನ್ನೋದು. ನಮ್ಮ ಜಾನಪದ ಪತ್ರಿಕೆಯಲ್ಲಿ ಗಾದೆ ಇದೆ, ಒಗಟು ಇದೆ, ಒಡಪು ಇದೆ, ನುಡಿಗಟ್ಟು ಇದೆ. ಇವೆಲ್ಲ ಸಮುದಾಯದ ಸೊತ್ತು. ಒಂದೇ ಮನೆಯವರು ಮಾತ್ರ ಆಡುವ ಮಾತಿಗೆ ಪಠ್ಯದಲ್ಲಿ ಹೆಸರಿಲ್ಲ. ಕನ್ನಡದಲ್ಲಿ "ಮನೆಮಾತು" ಅಂತ ಒಂದು ಪದ ಇದೆ, ಆದರೆ ಅದು ಬೇರೆ ಕೆಲಸದಲ್ಲಿ ತೊಡಗಿಕೊಂಡಿದೆ. ಜನಗಣತಿಯವರಿಗೆ ಅದು ಮನೆಯಲ್ಲಿ ಆಡುವ ಭಾಷೆ. ಪತ್ರಿಕೆಯವರಿಗೆ ಎಲ್ಲರಿಗೂ ಗೊತ್ತಿರುವ ಹೆಸರು, "ಮನೆಮಾತಾದ ಕವಿ" ಅಂತಾರಲ್ಲ, ಹಾಗೆ. ನಾನು ಅದನ್ನು ಮೂರನೆಯ ಅರ್ಥದಲ್ಲಿ, ಒಂದು ಮನೆಗೆ ಮಾತ್ರ ಸೇರಿದ ಮಾತು ಅನ್ನುವ ಅರ್ಥದಲ್ಲಿ ಬಳಸುತ್ತೇನೆ.

ಗಾದೆಗಳ ಸಂಗ್ರಹಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಗಾದೆಗಳು ಅಕಾರಾದಿಯಾಗಿ ಸಾಲಾಗಿ ನಿಂತಿರುತ್ತವೆ. ಯಾರು, ಯಾರಿಗೆ, ಯಾವ ಸಿಟ್ಟಿನಲ್ಲಿ ಅಂದರು ಅನ್ನೋದು ಇರುವುದಿಲ್ಲ. 1964ರಲ್ಲೇ ಅರೇವಾ ಮತ್ತು ಅಲನ್ ಡಂಡೆಸ್ ಒಂದು ಲೇಖನ ಬರೆದು, ಗಾದೆಯ ಪಠ್ಯ ಮಾತ್ರ ಬರೆದುಕೊಂಡರೆ ಸಾಲದು, ಆಡುವ ಸಂದರ್ಭವನ್ನೂ ಬರೆದುಕೊಳ್ಳಬೇಕು ಅಂದಿದ್ದರು. ನಮ್ಮ ತರಗತಿಯಲ್ಲಿ ಇದನ್ನು ಪರೀಕ್ಷೆಗೆ ಓದುತ್ತೇವೆ. ಓದಿಯೂ ನಾನು ಮಾಡಿದ್ದೇನು ಅಂದರೆ, ಶಬ್ದವನ್ನು ಬಾಗಿಲಿನಿಂದ ಕಿತ್ತುಕೊಂಡು ಗ್ರಂಥಾಲಯಕ್ಕೆ ಓಡಿದೆ.

ಓಡುವ ಮೊದಲು ಅಪ್ಪನಿಗೆ ಫೋನ್ ಮಾಡಿದ್ದೆ. ಅವನ ಹತ್ತಿರ ತಯಾರಾದ ಕಥೆ ಇತ್ತು. ಅಕ್ಕಲಕೋಟ 1948ರವರೆಗೆ ಭೋಸಲೆ ಮನೆತನದ ಸಂಸ್ಥಾನ. ಆಗ ರಾತ್ರಿ ಹೊತ್ತು ಸರಕಾರಿ ಮನುಷ್ಯ ಬಂದು "ಬಂಡಿ ಕಟ್ಟು, ಎತ್ತು ಹೂಡು" ಅಂತ ಬಿಟ್ಟಿ ಕೆಲಸಕ್ಕೆ ಹುಕುಂ ಮಾಡುತ್ತಿದ್ದ. ಅವನೇ ಹುಕುಂದಾರ. ಬಾಗಿಲು ಬಡಿದಾಗ ಒಳಗಿನವರು "ಹುಕುಂದಾರ ಏನು?" ಅಂತ ಕೇಳೋರು, ಹೊರಗಿನವರು "ಅಲ್ಲ, ಮನಿಯವ್ರ" ಅಂದ ಮೇಲೆ ತೆಗೆಯೋರು. ಎಲ್ಲಾ ಹೊಂದಿಕೊಂಡಿತು. ಅಪ್ಪ "ಇದರಾಗ ಸಂಶೋಧನಾ ಮಾಡೂದ ಏನದ?" ಅಂತಲೂ ಕೇಳಿದ.

ಹೊಂದಿಕೊಂಡರೂ ಕಿವಿ ಒಪ್ಪಲಿಲ್ಲ. ಹುಕುಂ ಅರಬ್ಬಿ, ದಾರ್ ಪಾರಸಿ. ಇಂಥ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ: ಜಮೀನ್ದಾರ, ಹವಾಲ್ದಾರ, ಕಿಲ್ಲೇದಾರ, ಅಮಲ್ದಾರ. ಗಮನಿಸಿ, ಎಲ್ಲವಕ್ಕೂ ಕನ್ನಡ ಕೊನೆಯಲ್ಲಿ ಒಂದು ಸ್ವರ ಸೇರಿಸಿದೆ. ವ್ಯಂಜನದ ಮೇಲೆ ಮಾತು ನಿಲ್ಲಿಸುವುದು ನಮ್ಮ ನಾಲಿಗೆಗೆ ಒಗ್ಗುವುದಿಲ್ಲ. ಬಸ್ಸು, ಕಾರು, ಲೈಟು ಎಲ್ಲ ಹಾಗೇ ಆದವು. ನಮ್ಮ ಮನೆಯಲ್ಲೂ ಹವಾಲ್ದಾರ ಅಂತಾರೆ, ಹವಾಲ್ದಾರ್ ಅನ್ನಲ್ಲ. ಆದರೆ ಹುಕುಂದಾರ್ ಮಾತ್ರ ಅರ್ಧ ರಕಾರದಲ್ಲಿ ಕಡಿದು ನಿಲ್ಲುತ್ತದೆ. ಮೂರು ತಲೆಮಾರು ಯಾರೂ ಅದಕ್ಕೊಂದು "ಅ" ಸೇರಿಸಿಲ್ಲ. ಅಂದರೆ ಇದು ಮನೆಯವರ ಕಿವಿಗೆ ಒಂದು ಹುದ್ದೆಯ ಹೆಸರಾಗಿ ಬಂದದ್ದಲ್ಲ, ಕೂಗಾಗಿ ಬಂದದ್ದು. ಯಾರೋ ಎಲ್ಲೋ ಕೂಗಿದ್ದನ್ನು ಹಾಗೇ ಎತ್ತಿಕೊಂಡಿದ್ದಾರೆ.

ಬಿಡಿಸಿದ್ದು ಅವ್ವನ ಕಡೆಯ ಒಬ್ಬ ಕಾಕಾ, ಫೌಜಿನಿಂದ ನಿವೃತ್ತರಾದವರು. ಫೋನಿನಲ್ಲಿ ನಾನು ಶಬ್ದ ಹೇಳಿದ್ದೇ ತಡ ನಕ್ಕರು. "ಹುಚ್ಚಿ, ಅದು ಸಂತ್ರಿ ಮಾತು. ಹೂ ಕಮ್ಸ್ ದೇರ್!" ಕಾವಲಿನ ಸಿಪಾಯಿ ಕತ್ತಲಲ್ಲಿ ಬರುವವನನ್ನು ತಡೆದು ಕೇಳುವ ಇಂಗ್ಲಿಷ್ ಪ್ರಶ್ನೆ. ಬ್ರಿಟಿಷರ ಹಿಂದೂಸ್ತಾನಿ ಪಲ್ಟಣಗಳಲ್ಲಿ ಅದು ಹುಕುಂದಾರ್, ಹುಕುಂ ಸದರ್ ಹೀಗೆಲ್ಲ ಆಗಿತ್ತು. ಉತ್ತರ ಹಿಂದೂಸ್ತಾನದಲ್ಲಿ ಇದು ಬಹಳ ಜನಕ್ಕೆ ಗೊತ್ತಿರುವ ಸಂಗತಿ. ಬರುವವನು "ಫ್ರೆಂಡ್" ಅನ್ನಬೇಕು, ಆಮೇಲೆ ಬಿಡುತ್ತಾರೆ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಂಗ್ಲಿಷ್ ಬಾರದ ಸಿಪಾಯಿಗೆ ಮೂರು ಅಪರಿಚಿತ ಶಬ್ದ ಕೇಳಿಸಿದವು, ಅವನ ಕಿವಿ ಅದರೊಳಗೆ ಪರಿಚಿತವಾದ "ಹುಕುಂ" ಹುಡುಕಿಕೊಂಡಿತು. ನಮ್ಮಪ್ಪನಿಗೆ ಒಂದು ಅಪರಿಚಿತ ಕೂಗು ಕೇಳಿಸಿತು, ಅವನೂ ಅದರೊಳಗೆ ಅದೇ "ಹುಕುಂ" ಹುಡುಕಿಕೊಂಡು, ಅದಕ್ಕೊಬ್ಬ ಮನುಷ್ಯನನ್ನೂ ಕಟ್ಟಿದ. ಜಾನಪದ ನಿರುಕ್ತಿ ಅಂತ ನಾವು ಪುಸ್ತಕದಲ್ಲಿ ಓದಿ, ಸ್ವಲ್ಪ ಮೇಲಿಂದ ನೋಡಿ ನಗುತ್ತೇವಲ್ಲ, ಅದು ಇದೇ. ನಾನೂ ನಕ್ಕಿದ್ದೆ. ಆದರೆ ಅಪ್ಪ ಮಾಡಿದ ತಪ್ಪಿಗೂ ಈ ಶಬ್ದ ಹುಟ್ಟಿದ ರೀತಿಗೂ ವ್ಯತ್ಯಾಸ ಏನೂ ಇಲ್ಲ. ಒಂದನ್ನು ವ್ಯುತ್ಪತ್ತಿ ಅಂತ, ಇನ್ನೊಂದನ್ನು ಅಜ್ಞಾನ ಅಂತ ಕರೆಯುವುದು ಹೇಗೆ?

ಈಗ ನನ್ನ ತಪ್ಪಿಗೆ ಬರುತ್ತೇನೆ.

ಸಂತ್ರಿ ಸಿಕ್ಕ. ಇನ್ನು ಅವನು ನಮ್ಮ ಮನೆಗೆ ಹೇಗೆ ಬಂದ ಅನ್ನೋದು ಬೇಕಿತ್ತು. ದೊಡ್ಡ ಮುತ್ಯಾ, ಅಂದರೆ ಅಪ್ಪನ ಅಜ್ಜ, ಸೋಲಾಪುರದ ಹಳೇ ಮಿಲ್ಲಿನಲ್ಲಿ ಕೆಲಸ ಮಾಡಿದವನು. 1877ರಲ್ಲಿ ಶುರುವಾದ ಆ ಮಿಲ್ಲನ್ನು ಸೋಲಾಪುರದವರು ಈಗಲೂ ಜೂನಿ ಮಿಲ್ ಅಂತಾರೆ. ಇನ್ನು ಸೋಲಾಪುರ ಅಂದರೆ ಮಾರ್ಷಲ್ ಲಾ. 1930ರ ಮೇ ತಿಂಗಳ ಮೊದಲ ವಾರ ಗಾಂಧೀಜಿಯವರನ್ನು ಬಂಧಿಸಿದ ಸುದ್ದಿ ಬಂದು ಮಿಲ್ ಕಾರ್ಮಿಕರು ಬೀದಿಗಿಳಿದರು, ಗೋಲಿಬಾರ್ ಆಯಿತು, ಕೆಲವು ದಿನ ಬ್ರಿಟಿಷ್ ಆಡಳಿತವೇ ನಗರದಿಂದ ಹಿಂದೆ ಸರಿಯಿತು. ಮೇ 12ರಿಂದ ಜೂನ್ 30ರವರೆಗೆ ಸೇನಾ ಕಾನೂನು. ಮುಂದೆ 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಸೋಲಾಪುರದಲ್ಲಿ ಅವರ ನಾಲ್ಕು ಪುತ್ಥಳಿಗಳ ಎದುರಿನಿಂದ ಬಸ್ಸಿಗೆ ಹೋಗುತ್ತಾ ಬೆಳೆದವಳು ನಾನು.

ಬೀದಿಯಲ್ಲಿ ಸೈನಿಕರು, ಮಿಲ್ಲಿನಲ್ಲಿ ದೊಡ್ಡ ಮುತ್ಯಾ. ಎರಡು ದಾರ ಸಿಕ್ಕವು, ಗಂಟು ಹಾಕಿದೆ. ರಾತ್ರಿಪಾಳಿ ಮುಗಿಸಿ ಬರುವ ಕನ್ನಡದ ಕೂಲಿಕಾರನನ್ನು ಸಂತ್ರಿ ತಡೆಯುತ್ತಾನೆ, "ಹುಕುಂದಾರ್" ಅನ್ನುತ್ತಾನೆ, ಭಾಷೆ ಬಾರದ ಇವನು "ಮನಿಯವ್ರ" ಅನ್ನುತ್ತಾನೆ. ಎಷ್ಟು ಚೆನ್ನಾಗಿದೆ ನೋಡಿ. ಸಾಮ್ರಾಜ್ಯದ ಪ್ರಶ್ನೆ, ಮನೆಯ ಉತ್ತರ. ಶೀರ್ಷಿಕೆಯೂ ಸಿಕ್ಕಿತು. ಹನ್ನೆರಡು ಪುಟ ಬರೆದೆ. ತರಗತಿಯಲ್ಲಿ ಓದಿದಾಗ ಎಲ್ಲರೂ ಸುಮ್ಮನೆ ಕೂತು ಕೇಳಿದರು. ಅಂಕವೂ ಬಂತು.

ದೀಪಾವಳಿ ರಜೆಯಲ್ಲಿ ಊರಿಗೆ ಹೋದಾಗ ಅದನ್ನು ಆಯಿಗೆ ಓದಿ ಹೇಳಿದೆ. ಆಯಿ ಅಂದರೆ ಅಪ್ಪನ ತಾಯಿ, ಎಂಬತ್ತೈದು ದಾಟಿದೆ. ಪೂರ್ತಿ ಕೇಳಿಸಿಕೊಂಡಳು. ಕೊನೆಗೆ ಕೇಳಿದ್ದು ಒಂದೇ: "ಆಗ ಅಂವಾ ಸೋಲಾಪುರದಾಗ ಎಲ್ಲಿದ್ದ, ಯವ್ವಾ? ನಮ್ಮ ಮಾವ ಮಿಲ್ಲಿಗಿ ಹೋದದ್ದು ನಿಮ್ಮ ಮುತ್ಯಾ ಹುಟ್ಟಿದ ಮ್ಯಾಲ." ಮುತ್ಯಾನ ಶಾಲೆ ದಾಖಲೆ ಕಪಾಟಿನಲ್ಲೇ ಇತ್ತು. ಹುಟ್ಟಿದ ವರ್ಷ 1934. ಅಂದರೆ ಮಾರ್ಷಲ್ ಲಾ ಹೊತ್ತಿಗೆ ದೊಡ್ಡ ಮುತ್ಯಾ ಊರಲ್ಲಿ ಹೊಲ ಊಳುತ್ತಿದ್ದ. ಹನ್ನೆರಡು ಪುಟ ಹೋಯಿತು.

ಹಾಳೆ ಮಡಚಿ ಇಡುವಾಗ, ಸುಮ್ಮನೆ ಮಾತು ಮುಂದುವರಿಸಲಿಕ್ಕೆ, ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: "ಆಯಿ, ನೀ ಇದನ್ನ ಮೊದಲ ಯಾವಾಗ ಕೇಳಿದಿ?"

ಆಯಿಯ ತವರು ಆಳಂದ ತಾಲೂಕಿನಲ್ಲಿದೆ. ನಮ್ಮೂರಿಂದ ದೂರ ಏನಿಲ್ಲ. ಆದರೆ ಅವಳು ಹುಟ್ಟಿದಾಗ ಅದು ನಿಜಾಮರ ಹೈದರಾಬಾದ್ ಸಂಸ್ಥಾನ. 1947-48ರ ರಜಾಕಾರರ ಗದ್ದಲದಲ್ಲಿ ಅವಳಿಗೆ ಏಳೋ ಎಂಟೋ ವರ್ಷ. ರಾತ್ರಿ ಬಾಗಿಲು ಬಡಿದರೆ ಅವಳ ಅಪ್ಪ ದೀಪ ಆರಿಸುತ್ತಿದ್ದ, ಮಕ್ಕಳನ್ನು ಕಣಜದ ಹಿಂದೆ ಕೂಡಿಸುತ್ತಿದ್ದ, ಯಾರೂ ಉಸಿರು ಬಿಡಬಾರದು. ಸೆಪ್ಟೆಂಬರದಲ್ಲಿ ಪೊಲೀಸ್ ಕಾರ್ಯಾಚರಣೆ ಆಯಿತು. ಮುಂದಿನದನ್ನು ಅವಳು ಹೇಳಿದ ಹಾಗೇ ಹೇಳುತ್ತೇನೆ: "ಮೊದಲ ನಮ್ಮ ಬಾಗಲಾ ಬಡದ್ರು. ಆಮ್ಯಾಲ ನಮ್ಮ ಓಣಿ ಮುಸಲ್ಮಾನರ ಬಾಗಲಾ ಬಡದ್ರು. ಬಡಿಯೂ ಸಪ್ಪಳಾ ಒಂದೇ ನಮೂನಿ ಇತ್ತು." ಕಾರ್ಯಾಚರಣೆಯ ನಂತರದ ಹಿಂಸೆ ಕುರಿತ ಸುಂದರ್‌ಲಾಲ್ ಸಮಿತಿಯ ವರದಿ ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಗುಲಬರ್ಗಾವನ್ನೂ ಹೆಸರಿಸುತ್ತದೆ. ಆಯಿ ವರದಿ ಓದಿಲ್ಲ, ಓದು ಬಾರದು.

ಅವಳ ಮದುವೆ ಆದದ್ದು "ಕರ್ನಾಟಕ ಬ್ಯಾರೆ ಆದ ವರ್ಷ", ಅಂದರೆ 1956. ಸೊಸೆ ಮನೆ ತುಂಬುವಾಗ ನಾದಿನಿಯರು ಹೊಸ್ತಿಲಲ್ಲಿ ಅಡ್ಡಗಟ್ಟಿ ಒಡಪು ಹೇಳಿಸುವುದು ನಮ್ಮ ಕಡೆಯ ಪದ್ಧತಿ. ಗಂಡನ ಹೆಸರನ್ನು ನೇರ ಹೇಳಬಾರದು, ಪ್ರಾಸದಲ್ಲಿ ಅಡಗಿಸಿ ಹೇಳಬೇಕು. ಅವಳು ಒಡಪು ಕಲಿತೇ ಬಂದಿದ್ದಳು. ಬಂಡಿ ಊರು ಮುಟ್ಟಿದಾಗ ಕತ್ತಲಾಗಿತ್ತು. ಬಾಗಿಲು ಹಾಕಿತ್ತು. ಬಡಿದರು. ಒಳಗಿಂದ ನಾಲ್ಕೈದು ಹುಡುಗರು, ಮೈದುನಂದಿರು, ಒಟ್ಟಿಗೆ ಕೂಗಿದರು: "ಹುಕುಂದಾರ್!"

"ನನಗ ಒಡಪು ಮರತು ಹೋತು. ಕೈಕಾಲ ತಣ್ಣಗಾದುವು. ಕಣಜದ ಹಿಂದ ಕುಂತಂಗಾತು." ಹೊರಗಿದ್ದ ಗಂಡಸರು ನಕ್ಕು ಏನೋ ಅಂದರಂತೆ. ಏನಂದರು ಅಂತ ಕೇಳಿದೆ. "ಫಿರಂಡ ಅಂತಿದ್ರು. ಏನ ಸುಡುಗಾಡೋ, ನನಗೇನ ತಿಳೀತದ." ಒಳಗಿನವರಿಗೆ ಅದು ಸಾಲಲಿಲ್ಲ, ಸೊಸೆಯೇ ಹೇಳಬೇಕು ಅಂತ ಹಟ. ಅವಳು ನಡುಗುತ್ತಾ ನಿಂತದ್ದನ್ನು ಬಾಗಿಲ ಸಂದಿನಿಂದ ನೋಡಿದ ಅತ್ತೆ ಹುಡುಗರನ್ನು ಸರಿಸಿ, ತಾನೇ ಒಳಗಿನಿಂದ ಉತ್ತರ ಕೊಟ್ಟಳು: "ಮನಿಯವ್ರ ಅದಾಳ. ತಗೀರಿ ಬಾಗಲಾ."

ಫಿರಂಡ. ಆ ಮೂರಕ್ಷರ ಕೇಳಿ ನನಗೆ ಮತ್ತೆ ಹನ್ನೆರಡು ಪುಟದ ಚಪಲ ಹತ್ತಿತು, ಸುಳ್ಳು ಹೇಳಲಾರೆ. ಸಂತ್ರಿಗೆ ಕೊಡುವ ಉತ್ತರ "ಫ್ರೆಂಡ್" ನಮ್ಮ ಮನೆಯಲ್ಲೂ ಇತ್ತು. ಅದನ್ನು ತೆಗೆದು "ಮನಿಯವ್ರ" ಇಟ್ಟವಳು ನಮ್ಮ ದೊಡ್ಡ ಆಯಿ, ಒಂದು ಗೊತ್ತಾದ ರಾತ್ರಿ, ಒಂದು ಗೊತ್ತಾದ ಹೊಸ್ತಿಲಲ್ಲಿ. ಆದರೆ ಒಮ್ಮೆ ಸುಟ್ಟುಕೊಂಡಿದ್ದೆ. ಕಣ್ಣೀರು ಬಂದ ಕಥೆ ನಿಜವೇ ಆಗಿರಬೇಕು ಅಂತೇನಿಲ್ಲವಲ್ಲ. ಅಪ್ಪನ ಅಕ್ಕ, ನಮ್ಮ ಸೋದರತ್ತೆಯನ್ನು ಕೇಳಿದೆ, ಆಯಿ ಹೇಳಿದ್ದನ್ನು ತಿಳಿಸದೆ. ಅವಳು ಸಣ್ಣವಳಿದ್ದಾಗ ಗಂಡಸರು "ಫಿರಂಡ" ಅಂತಲೂ ಹೆಂಗಸರು "ಮನಿಯವ್ರ" ಅಂತಲೂ ಹೇಳುತ್ತಿದ್ದರಂತೆ. ಅಂದರೆ ಒಂದು ರಾತ್ರಿಯಲ್ಲಿ ಏನೂ ಬದಲಾಗಲಿಲ್ಲ. ಎರಡು ಉತ್ತರ ಬಹಳ ವರ್ಷ ಅಕ್ಕಪಕ್ಕ ಇದ್ದವು. ಗಂಡಸರ ಉತ್ತರ ಮೆಲ್ಲಗೆ ಬಿದ್ದುಹೋಯಿತು, ಅಪ್ಪನ ಕಾಲಕ್ಕೆ ಅವನೂ ಹೆಂಗಸರ ಉತ್ತರವನ್ನೇ ಕಲಿತ.

ನನ್ನ ಮಂಡನೆಯ ಮುಖ್ಯ ಮಾತು ಇಲ್ಲಿದೆ. ನಾನು ಹುಡುಕಿದ್ದೆಲ್ಲ ಪ್ರಶ್ನೆಯ ಮೂಲವನ್ನು. ಅಪ್ಪನ ಕಥೆ ಪ್ರಶ್ನೆಯದು, ಕಾಕಾನ ಬಿಡಿಸುವಿಕೆ ಪ್ರಶ್ನೆಯದು, ನನ್ನ ಪ್ರಬಂಧವೂ ಪ್ರಶ್ನೆಯದು. ವಿಚಿತ್ರವಾದ ಶಬ್ದ ಕಂಡರೆ ಓದುಗರ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. "ಮನಿಯವ್ರ" ಅನ್ನುವುದು ಸಾದಾ ಕನ್ನಡ, ಅದಕ್ಕೆ ಅರ್ಥ ಬೇರೆ ಬೇಕೇ ಅಂತ ನಾನು ಹನ್ನೆರಡು ಪುಟದಲ್ಲಿ ಅದಕ್ಕೊಂದು ಸಾಲು ಕೊಟ್ಟಿದ್ದೆ. ಆದರೆ ಅದನ್ನು ನಿಧಾನವಾಗಿ ಓದಿ. ಕನ್ನಡದಲ್ಲಿ "ನಮ್ಮ ಮನೆಯವರು" ಅಂದರೆ ಮನೆಮಂದಿ ಅಂತಲೂ ಹೌದು, ಹೆಂಗಸು ಗಂಡನ ಹೆಸರು ಹೇಳದೆ ಅವನನ್ನು ಕರೆಯುವ ಪದವೂ ಹೌದು. ಒಡಪು ಅಡಗಿಸುವ ಹೆಸರನ್ನೇ ಇದೂ ಅಡಗಿಸುತ್ತದೆ. ಒಡಪು ಮರೆತು ನಿಂತ ಹುಡುಗಿಯ ಪರವಾಗಿ ಅತ್ತೆ ಅದೇ ಪದವನ್ನು ಎತ್ತಿ, ಗಂಡನಿಗಲ್ಲ, ಇನ್ನೂ ಹೊಸ್ತಿಲು ದಾಟದ ಸೊಸೆಗೆ ಹಾಕಿದಳು. ಒಳಗೆ ಬಂದ ಮೇಲೆ ಮನೆಯವಳಾಗುವುದು ಪದ್ಧತಿ. ಇಲ್ಲಿ ಮನೆಯವಳು ಅಂತ ಹೇಳಿಯಾದ ಮೇಲೆ ಬಾಗಿಲು ತೆರೆಯಿತು.

ಆಟದ ಕಟ್ಟಿನ ಬಗ್ಗೆಯೂ ಒಂದು ಮಾತು. ಸಂತ್ರಿಗೆ ಬೇಕಾದದ್ದು ಒಂದು ಶಬ್ದದ ಉತ್ತರ. ನಮ್ಮ ಮನೆಗೆ ಬೇಕಾದದ್ದು ಉದ್ದನೆಯ ಬಿರುದಾವಳಿ, ಮೆಣಸಿನಕಾಯಿ ಹೊತ್ತವನು, ಹೊಟ್ಟೆ ಹಸಿದವನು. ಇದು ಎಲ್ಲಿಂದ ಬಂತು? ಉತ್ತರ ಕರ್ನಾಟಕದ ದೊಡ್ಡಾಟ ನೋಡಿದವರಿಗೆ ಹೊಳೆದಿರಬಹುದು. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಅಡ್ಡ ಬಂದು ಕೇಳುತ್ತಾನೆ: ತಾವು ಯಾರು, ಎಲ್ಲಿಂದ ಬಂದಿರಿ, ಯಾವ ದೇಶಕ್ಕೆ ಅರಸರು? ಪಾತ್ರ ಬರೀ "ನಾನು" ಅಂದರೆ ಆಟ ಮುಂದೆ ಹೋಗುವುದಿಲ್ಲ. ಊರು, ಪರಾಕ್ರಮ, ಬಂದ ಕಾರಣ ಎಲ್ಲ ಹೇಳಿ ಹೆಸರು ಹೇಳಬೇಕು. ಹೊಸ್ತಿಲ ಒಡಪಿನಲ್ಲೂ ಅಷ್ಟೇ: ಅಡ್ಡಗಟ್ಟುವವರು, ಕೇಳುವವರು, ಸುತ್ತಿಬಳಸಿ ಹೇಳಿ ಒಳಗೆ ಬರುವವಳು. ಗಂಡಸರ ಆಟ, ಹೆಂಗಸರ ಒಡಪು, ಎರಡಕ್ಕೂ ಒಂದೇ ಅಚ್ಚು. ಆ ಅಚ್ಚು ಮನೆಯಲ್ಲಿ ಮೊದಲೇ ಇತ್ತು, ಪಲ್ಟಣದ ಶಬ್ದ ಅದರೊಳಗೆ ಬಂದು ಕೂತಿತು. ಮೂಲ ಅಂತ ನಾವು ಶಬ್ದದ ಜಾಡನ್ನು ಮಾತ್ರ ಹಿಡಿದರೆ ಈ ಅಚ್ಚು ಕಣ್ಣಿಗೆ ಬೀಳುವುದಿಲ್ಲ. ನನ್ನ ಮೊದಲ ಪ್ರಬಂಧದಲ್ಲಿ ದೊಡ್ಡಾಟವೂ ಇರಲಿಲ್ಲ, ಒಡಪೂ ಇರಲಿಲ್ಲ. ಸೋಲಾಪುರದ ಮಾರ್ಷಲ್ ಲಾ ಇತ್ತು. ಕನ್ನಡ ಎಂ.ಎ. ಮಾಡುವವಳಿಗೆ ಇದು ಸ್ವಲ್ಪ ನಾಚಿಕೆಯ ವಿಷಯವೇ.

ಹಾಗಾದರೆ ಶಬ್ದ ಮನೆಯೊಳಗೆ ಬಂದ ದಾರಿ? ಎರಡನೇ ಮಹಾಯುದ್ಧ ಮುಗಿಸಿ ಊರಿಗೆ ಮರಳಿದ ಸಿಪಾಯಿಗಳಿದ್ದರು. ಸಂಸ್ಥಾನದ ಅರಮನೆಗೆ ಪಹರೆಯವರಿದ್ದರು. ರಜಾಕಾರರ ಕಾಲದಲ್ಲಿ ಸೋಲಾಪುರದ ಗಡಿಗುಂಟ ಹೋರಾಟಗಾರರ ಶಿಬಿರಗಳಿದ್ದವು, ಹಳ್ಳಿಗಳಲ್ಲಿ ಗಸ್ತು ಇತ್ತು. ಮಾರ್ಷಲ್ ಲಾ ನೋಡಿದ ಮಿಲ್ಲಿನ ಗೆಳೆಯರಿಂದ ದೊಡ್ಡ ಮುತ್ಯಾ ಆಮೇಲೆ ಕೇಳಿರಲೂಬಹುದು. ನಾಲ್ಕೂ ಹೊಂದುತ್ತವೆ. ಹೊಂದುತ್ತದೆ ಅನ್ನೋದೇ ಪುರಾವೆ ಅಲ್ಲ ಅನ್ನೋದನ್ನು ನಾನು ಕಲಿತದ್ದು ಹನ್ನೆರಡು ಪುಟ ಕಳಕೊಂಡು.

ಕೊನೆಯದಾಗಿ ಒಂದು ಪ್ರಲೋಭನೆಯ ಬಗ್ಗೆ. ಈ ಕರಡನ್ನು ಓದಿದ ಗುರುಗಳೊಬ್ಬರು, ಇದನ್ನು ಗಡಿ ಕನ್ನಡಿಗರ ರೂಪಕವಾಗಿ ಓದಬಹುದಲ್ಲ ಅಂದರು. ಅಕ್ಕಲಕೋಟ ಸಂಸ್ಥಾನವಾಗಿತ್ತು, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1960ರಲ್ಲಿ ಮಹಾರಾಷ್ಟ್ರ ಆಯಿತು. 1967ರಲ್ಲಿ ಮಹಾಜನ ಆಯೋಗ ಈ ತಾಲೂಕನ್ನು ಮೈಸೂರಿಗೆ ಕೊಡಬೇಕು ಅಂತ ವರದಿ ಕೊಟ್ಟಿತು, ಆದದ್ದೇನೂ ಇಲ್ಲ. ಒಬ್ಬರಾದ ಮೇಲೊಬ್ಬರು ಬಂದು "ಯಾರು ನೀವು?" ಅಂತ ಕೇಳುವ ಜನ, "ಮನಿಯವ್ರ" ಅಂತ ಉತ್ತರ ಕೊಡುವ ಜನ. ಓದಲಿಕ್ಕೆ ಬಹಳ ಚೆನ್ನಾಗಿದೆ. ನಾನು ಬರೆಯಲಿಲ್ಲ. ಗಡಿನಾಡಿನ ಯಾವುದೇ ಪಠ್ಯ ಕೈಗೆ ಸಿಕ್ಕರೂ ಅದನ್ನು ಗಡಿಯ ಬಗ್ಗೆಯೇ ಮಾತಾಡಿಸುವ ಒಂದು ಚಾಳಿ ನಮ್ಮ ವಿಮರ್ಶೆಯಲ್ಲಿದೆ. ಬೆಂಗಳೂರಿನ ಒಬ್ಬಳು ಹುಡುಗಿ ಅಜ್ಜಿಯ ಬಗ್ಗೆ ಬರೆದರೆ ಅದು ಅಜ್ಜಿಯ ಬಗ್ಗೆ. ಅಕ್ಕಲಕೋಟದವಳು ಬರೆದರೆ ಅದು ಅಸ್ಮಿತೆಯ ಬಗ್ಗೆ. ಆಯಿ ಹೆದರಿದ್ದು ರಾಜ್ಯಗಳ ಗಡಿಗೆ ಅಲ್ಲ, ಬಾಗಿಲು ಬಡಿಯುವ ಸಪ್ಪಳಕ್ಕೆ. ಆ ಭಯವನ್ನು ರೂಪಕ ಮಾಡಿದರೆ ಅದು ಎಲ್ಲರದಾಗುತ್ತದೆ, ಅವಳದಾಗಿ ಉಳಿಯುವುದಿಲ್ಲ.

ಇಷ್ಟು ಹೇಳಿಯೂ ಒಂದು ವಿಷಯ ಮುಚ್ಚಿಡಲಾರೆ. ನಮ್ಮಣ್ಣ ಪುಣೆಯಲ್ಲಿದ್ದಾನೆ. ಅವನ ಫ್ಲ್ಯಾಟಿಗೆ ಆಯಿ ಹೋದಾಗ ಮಗು ಒಳಗಿನಿಂದ ಮರಾಠಿಯಲ್ಲಿ "ಕೋಣ ಆಹೆ?" ಅಂತ ಕೇಳಿತು, ಯಾರು ಅಂತ. ಆಯಿ ಹೊರಗಿಂದಲೇ "ಕೋಣ ಅಲ್ಲೋ ಯಪ್ಪಾ, ಎಮ್ಮಿನೂ ಅಲ್ಲ, ನಿಮ್ಮ ಮನಿಯವ್ರ" ಅಂದಳು. ಎಲ್ಲರೂ ನಕ್ಕರು. ಮಗುವಿಗೆ ಮಾತ್ರ ಅರ್ಥ ಆಗಲಿಲ್ಲ.

ಚರ್ಚೆಯಿಂದ

ಪ್ರಶ್ನೆ (ಕಾಸರಗೋಡಿನ ಸಂಶೋಧನಾ ವಿದ್ಯಾರ್ಥಿ): ನಮ್ಮಲ್ಲಿಯೂ ಇಂಥ ಮನೆಮಾತುಗಳು ಉಂಟು. ಆದರೆ ಇವನ್ನು ಸಾಹಿತ್ಯ ಅಂತ ಯಾವ ಆಧಾರದಲ್ಲಿ ಓದುವುದು? ನಿಮ್ಮ ಅಜ್ಜಿಯ ಕಥೆ ಇಲ್ಲದಿದ್ದರೆ ಇದರಲ್ಲಿ ಏನು ಉಳಿಯುತ್ತದೆ?

ಉತ್ತರ: ಕಥೆ ಇಲ್ಲದಿದ್ದರೂ ಕಟ್ಟು 
ಉಳಿಯುತ್ತದೆ. ಅಪ್ಪನಿಗೆ ಆಯಿಯ ಕಥೆ ಗೊತ್ತೇ ಇರಲಿಲ್ಲ, ಆದರೂ ಅವನು ಮೆಣಸಿನಕಾಯಿಯ ಬಿರುದಾವಳಿ ಕಟ್ಟುತ್ತಿದ್ದ, ಪ್ರತಿ ರಾತ್ರಿ ಹೊಸದು. ಕೇಳುವವರು ಅದನ್ನು ತೂಗುತ್ತಿದ್ದರು, ಚೆನ್ನಾಗಿಲ್ಲದಿದ್ದರೆ "ಇನ್ನೊಮ್ಮಿ" ಅನ್ನುತ್ತಿದ್ದರು. ಕಟ್ಟುವುದು, ತೂಗುವುದು ಎರಡೂ ಇದ್ದ ಮೇಲೆ ನನಗೆ ಓದಲಿಕ್ಕೆ ಸಾಕು. ಒಡಪನ್ನು ನಾವು ಓದುತ್ತೇವಲ್ಲ.

ಪ್ರಶ್ನೆ (ಅಧ್ಯಾಪಕರು): ಅಪ್ಪನ ಹುಕುಂದಾರನ ಕಥೆಯನ್ನು ಈಗ ಮನೆಯಲ್ಲಿ ತಿದ್ದಿದಿರಾ?

ಉತ್ತರ: ಹೇಳಿದೆ ಸರ್. ಅಪ್ಪ ಕೇಳಿಸಿಕೊಂಡು, "ಇರಲಿ, ಆದ್ರ ಹುಕುಂದಾರ ಅನ್ನಾಂವ ಒಬ್ಬ ಇದ್ದೇ ಇದ್ದ" ಅಂದ.

ಪ್ರಶ್ನೆ (ಸಹಪಾಠಿ): ಈಗ ಬಾಗಿಲಲ್ಲಿ ಯಾರು ಕೂಗ್ತಾರೆ?

ಉತ್ತರ: ಹಗಲು-ರಾತ್ರಿ ಬಾಗಿಲ ಹತ್ತಿರ ಇರುವವಳು ಆಯಿಯೇ. ಪಡಸಾಲೆಯಲ್ಲಿ ಅವಳ ಹೊರಸು. ಆದರೆ ಕಿವಿ ಕೇಳಿಸುವುದಿಲ್ಲ, ಬಡಿದದ್ದು ಗೊತ್ತಾಗುವುದಿಲ್ಲ. ಹಾಗಾಗಿ ಬಾಗಿಲು ತೆರೆದೇ ಇಡುತ್ತಾರೆ. ಈ ಮಂಡನೆಗಾಗಿ ಕಳೆದ ವಾರ ಊರಿಗೆ ಹೋಗಿದ್ದೆ. ಸೀದಾ ಒಳಗೆ ಹೋಗಿ ಅವಳ ಕಿವಿಯ ಹತ್ತಿರ ಬಾಗಿ "ಮನಿಯವ್ರ" ಅಂದೆ. ಅವಳು ತಿರುಗಿ ನೋಡಿ, "ನಾ ಇನ್ನೂ ಕೇಳೇ ಇಲ್ಲಲ್ಲ. ಕೇಳೂಕಿಂತ ಮೊದಲ ಹೇಳ್ತಿ? ಹೊರಗ ಹೋಗು, ಮತ್ತ ಬಾ" ಅಂದಳು. ಚೀಲ ಹೆಗಲಲ್ಲಿಟ್ಟುಕೊಂಡೇ ಹೊರಗೆ ಹೋಗಿ ನಿಂತೆ.